ಮರು: ಕ್ಯಾಂಟೀನಿನ ಚಹಾ

ಸಭೆಯ ಕೋಣೆಯ ಹೊರಗಿನ ಬೆಂಚಿಗೆ ಒಂದು ಕಾಲು ಗಿಡ್ಡ. ಅವನು ಬಲಕ್ಕೆ ವಾಲಿದರೆ ಬೆಂಚೂ ಬಲಕ್ಕೆ ವಾಲುತ್ತಿತ್ತು. ಇನ್ನೊಂದು ತುದಿಯಲ್ಲಿ ಕೂತಿದ್ದ ಭಾವ ಒಂದು ಬೆರಳಿನಷ್ಟು ಮೇಲೇಳುತ್ತಿದ್ದರು, ಎದ್ದಾಗಲೆಲ್ಲ ಅವನ ಕಡೆ ತಿರುಗಿ ನಗುತ್ತಿದ್ದರು. ಒಳಗೆ ಮೂರು ಜನ ಕೂತು ಈ ಮನುಷ್ಯನ ಕೆಲಸವನ್ನೂ ಅದರ ಜೊತೆಗಿರುವ ಸಂಸ್ಥೆಯ ಮನೆಯನ್ನೂ ಕಿತ್ತುಕೊಳ್ಳಬೇಕೋ ಬೇಡವೋ ಎಂದು ಮಾತಾಡುತ್ತಿರುವಾಗ ಹೊರಗೆ ಕೂತು ಬೆಂಚಿನ ಜೊತೆ ಆಡುವ ಮನುಷ್ಯ. ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ಇವರನ್ನು ಇಷ್ಟು ವರ್ಷ ಸಹಿಸಿಕೊಂಡಿದ್ದೇನೆ ಎಂದು ಅವನು ಎಂದಿನಂತೆ ಅಂದುಕೊಂಡ. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ಅಕ್ಕ ಇಸ್ತ್ರಿ ಮಾಡಿ ಕೊಟ್ಟ ಅಂಗಿಯನ್ನು ಕೊರಳಿನ ಗುಂಡಿಯವರೆಗೂ ಹಾಕಿಕೊಂಡು, ಫೋಟೊ ತೆಗೆಸಿಕೊಳ್ಳಲು ಬಂದವರ ಹಾಗೆ ಕೂತಿದ್ದರು. "ತಿಂಡಿ ಆಯ್ತಾ?" ಎಂದು ಕೇಳಿದರು. ಆಯಿತು ಎಂದ. "ನಿನ್ನ ಮುಖ ಯಾಕೋ ಇಷ್ಟೇ ಇಷ್ಟಾಗಿದೆ. ನನ್ನ ವಿಷಯ ತಲೆಗೆ ಹಚ್ಕೋಬೇಡ. ನೀನಿದ್ದೀಯಲ್ಲ, ಹುಡುಕಿ ಕೊಡ್ತೀಯ." ನೀನಿದ್ದೀಯಲ್ಲ ಎಂಬ ಆ ಮಾತಿಗೆ ಅವನು ಗೋಡೆಯ ಕಡೆ ತಿರುಗಿಕೊಂಡ. ಯಾಕೆಂದರೆ ಅವನು ಹುಡುಕಿ ಆಗಿತ್ತು. ನಿನ್ನೆ ಮಧ್ಯಾಹ್ನವೇ ಸಿಕ್ಕಿತ್ತು.

ಸಂಸ್ಥೆಯ ಶೀತಕೋಣೆಗೆ ಭಾವ ಮೇಲ್ವಿಚಾರಕರು. ಬೀಜಗಳ ಮೇಲೆ ಸಂಶೋಧನೆ ಮಾಡುವ ಮೇಡಂ ಬೆಟ್ಟಗುಡ್ಡ ಸುತ್ತಿ ತಂದು ಕೂಡಿಟ್ಟ ಬೀಜಗಳೆಲ್ಲ ಆ ಕೋಣೆಯಲ್ಲಿದ್ದವು. ಒಂದು ರಜೆಯ ದಿನ ಕರೆಂಟು ಹೋಯಿತು, ತಂಪಿನ ಯಂತ್ರ ನಿಂತಿತು, ನಿಂತಾಗ ಹೊಡೆದುಕೊಳ್ಳಬೇಕಾಗಿದ್ದ ಗಂಟೆ ಹೊಡೆದುಕೊಳ್ಳಲಿಲ್ಲ. ರಜೆ ಮುಗಿಸಿ ಬಂದು ಬಾಗಿಲು ತೆಗೆದಾಗ ಒಳಗೆ ಬೂಷ್ಟಿನ ವಾಸನೆ. ಗಂಟೆ ಕೆಟ್ಟಿದೆ ಎಂದು ಮೊದಲೇ ಯಾಕೆ ತಿಳಿಸಲಿಲ್ಲ ಎಂದು ಕೇಳಿದರೆ ಭಾವ, ತಿಳಿಸಿದ್ದೆನಲ್ಲ, ಗುಂಪಿನಲ್ಲಿ ಬರೆದಿದ್ದೆನಲ್ಲ, ಅದಾಗಿ ಎಷ್ಟೋ ದಿನ ಆಯಿತಲ್ಲ ಎಂದರು. ಗುಂಪು ಎಂದರೆ ಸಂಸ್ಥೆಯ ಸುದ್ದಿಗುಂಪು. ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಿಂದ ಸಂದೇಶ ಬರೆದು ಹಾಕಬಹುದು, ಎಲ್ಲರೂ ಓದಬಹುದು, ಉತ್ತರ ಬರೆಯಬಹುದು. ಅಲ್ಲಿ ಬರೆದರೆ ಕಚೇರಿಗೆ ತಿಳಿಸಿದಂತೆಯೇ ಎಂದು ನಿರ್ದೇಶಕರು ಎಂದೋ ಒಂದು ಆಜ್ಞೆ ಹೊರಡಿಸಿದ್ದರು. ಆದರೆ ಭಾವ ಬರೆದದ್ದನ್ನು ಕಂಡವರು ಒಬ್ಬರೂ ಇರಲಿಲ್ಲ. ಬರೆದಿದ್ದರೆ ಬದುಕಿದರು, ಬರೆಯದಿದ್ದರೆ ಹೋದರು. ಆ ಗುಂಪನ್ನು ಎಲ್ಲರ ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರನ್ನು ನೋಡಿಕೊಳ್ಳುವವನು ಅವನೇ ಆದ್ದರಿಂದ ಹುಡುಕುವ ಕೆಲಸ ಅವನ ಪಾಲಿಗೆ ಬಂದಿತ್ತು. ಹೆಂಡತಿಯ ತಮ್ಮನಾದರೂ ಸುಳ್ಳು ಹೇಳುವವನಲ್ಲ ಎಂದು ನಿರ್ದೇಶಕರು ಅವನ ಎದುರಿಗೇ ಹೇಳಿದ್ದರು. ಸುಳ್ಳು ಹೇಳುವವನಲ್ಲ ನಿಜ, ಅವನು ಅದನ್ನು ಒಪ್ಪಿದ್ದ. ಆ ಹೊಗಳಿಕೆಯಲ್ಲಿ ಆ 'ಆದರೂ' ಮಾತ್ರ ಅವನಿಗೆ ಹಿಡಿಸಿರಲಿಲ್ಲ.

ಗುಂಪನ್ನು ಕಟ್ಟಿದ ಮೇಲೆ ಅವನಿಗೆ ಮನುಷ್ಯಕುಲದ ಮೇಲಿದ್ದ ಅಲ್ಪಸ್ವಲ್ಪ ಗೌರವವೂ ಹೋಗಿತ್ತು. ಪ್ರತಿ ಸಂದೇಶಕ್ಕೂ ಒಂದು ವಿಷಯದ ಸಾಲು ಇರಬೇಕು, ಒಳಗೇನಿದೆ ಎಂದು ಅದನ್ನು ನೋಡಿದರೆ ತಿಳಿಯಬೇಕು, ಇಷ್ಟೇ ತಾನೆ? ಡಬ್ಬದ ಮೇಲೆ ಚೀಟಿ ಅಂಟಿಸುವುದು ಅಡುಗೆಮನೆಯ ಹೆಂಗಸರಿಗೆಲ್ಲ ಗೊತ್ತಿದೆ. ದೊಡ್ಡ ದೊಡ್ಡ ಪದವಿ ಪಡೆದ ಈ ಜನಕ್ಕೆ ಗೊತ್ತಿರಲಿಲ್ಲ. 'ತುರ್ತು' ಎಂದು ಬರೆಯುವವರು. ತೆರೆದು ನೋಡಿದರೆ ಛತ್ರಿ ಕಳೆದುಹೋಗಿದೆ. 'ಒಂದು ಪ್ರಶ್ನೆ' ಎಂದು ಬರೆಯುವವರು. 'ಮುಖ್ಯ' ಎಂದು ಬರೆದು ಅದರ ಮುಂದೆ ಆಶ್ಚರ್ಯಸೂಚಕಗಳನ್ನು ಬೇಲಿ ಹಾಕಿದಂತೆ ನೆಡುವವರು. ಹೇಳಬೇಕಾದ್ದನ್ನೆಲ್ಲ ವಿಷಯದ ಸಾಲಿನಲ್ಲೇ ತುರುಕಿ ಒಳಗೆ ಬರೀ ಬಯಲು ಬಿಡುವವರು. ಏನೂ ಬರೆಯದೆ ಖಾಲಿ ಬಿಡುವವರು, ಕದ ತಟ್ಟಿ ಯಾರು ಎಂದರೆ ಸುಮ್ಮನೆ ನಿಲ್ಲುವವರ ಜಾತಿ. ಹಿಂದಿದ್ದ ಸಾಫ್ಟ್‌ವೇರು ಇನ್ನೂ ದಡ್ಡ. ಉತ್ತರದ ವಿಷಯದ ಸಾಲಿನ ಆರಂಭದಲ್ಲಿ ತಾನಾಗಿ ಅಂಟುವ 'ಮರು:' ಎಂಬುದನ್ನು ಕಿತ್ತು ಹಾಕಿ, ಉಳಿದ ಸಾಲು ಒಂದೇ ಆಗಿದ್ದರೆ ಎಲ್ಲವನ್ನೂ ಒಂದೇ ಎಳೆಗೆ ಪೋಣಿಸುತ್ತಿತ್ತು. ಹೀಗಾಗಿ ರಜೆಯ ಬಗ್ಗೆ ಪ್ರಶ್ನೆ ಕೇಳಿದ ಗುಮಾಸ್ತನೂ ಸೋರುವ ಆಮ್ಲದ ಪೀಪಾಯಿಯ ಬಗ್ಗೆ ಪ್ರಶ್ನೆ ಕೇಳಿದ ಪ್ರಯೋಗಾಲಯದವಳೂ 'ಒಂದು ಪ್ರಶ್ನೆ' ಎಂಬ ಒಂದೇ ಮಾಡಿನ ಕೆಳಗೆ ಗಂಡಹೆಂಡಿರ ಹಾಗೆ ಬಾಳುತ್ತಿದ್ದರು. ಅದನ್ನು ಸರಿಪಡಿಸಿದವನು ಅವನು. ಪ್ರತಿ ಉತ್ತರದ ನೆತ್ತಿಯ ಮೇಲೂ, ಯಾರ ಕಣ್ಣಿಗೂ ಬೀಳದಂತೆ, ಅದು ಯಾವ ಸಂದೇಶಕ್ಕೆ ಹುಟ್ಟಿದ್ದು ಎಂಬ ಗುರುತು ಇರುತ್ತದೆ. ಹೆಸರು ನೋಡಬೇಡಿ, ಹೆತ್ತವರನ್ನು ನೋಡಿ ಎಂದು ಅವನು ಸಾಫ್ಟ್‌ವೇರಿಗೆ ಕಲಿಸಿದ. ಉತ್ತರದ ಕೆಳಗೆ ಉತ್ತರ, ಅದರ ಕೆಳಗೆ ಅದರದ್ದು, ಒಂದೊಂದು ಮಾತೂ ತನ್ನ ಕುಲದಲ್ಲಿ, ತನ್ನ ಮೆಟ್ಟಿಲಿನಲ್ಲಿ. ಎಲ್ಲ ನೌಕರರನ್ನೂ ಸೇರಿಸಿ ಇದನ್ನು ವಿವರಿಸಿದ ದಿನ ಅವನ ಧ್ವನಿ ಒಂದು ಕಡೆ ಗದ್ಗದವಾಯಿತು. ಮುಗಿದ ಮೇಲೆ ಒಬ್ಬನೇ ಒಬ್ಬ ಎದ್ದು ಅಕ್ಷರದ ಬಣ್ಣ ಬದಲಿಸುವುದು ಹೇಗೆ ಎಂದು ಕೇಳಿದ. ಹಿಂದಿನ ಸಾಲಿನಿಂದ ಚಪ್ಪಾಳೆ ತಟ್ಟಿದವರು ಭಾವ. ಅವರು ತಟ್ಟಿದ್ದನ್ನು ನೋಡಿ ಇನ್ನೂ ನಾಲ್ಕು ಜನ ತಟ್ಟಿದರು, ಆ ನಾಲ್ಕು ಜನ ನಗುತ್ತಿದ್ದರು ಎಂಬುದು ಅವನಿಗೆ ಈಗಲೂ ನೆನಪಿದೆ.

ಜವಾನ ಒಳಗಿನಿಂದ ಖಾಲಿ ಲೋಟಗಳ ತಟ್ಟೆ ಹಿಡಿದು ಬಂದ. ಭಾವ ಎದ್ದು ಬಾಗಿಲು ಹಿಡಿದುಕೊಂಡರು. ಬಾಗಿಲು ಹಿಡಿಯುವುದು, ಚಪ್ಪಾಳೆ ತಟ್ಟುವುದು, ಯಾರದೋ ಭಾರದ ಇನ್ನೊಂದು ತುದಿಗೆ ಕೈ ಹಾಕುವುದು, ಇದೇ ಇವರ ಜನ್ಮದ ಸಾಧನೆ. ಅವನು ಓದಲೆಂದು ಅಕ್ಕನ ಮನೆಗೆ ಬಂದು ಸೇರಿದಾಗಲೂ ಹೀಗೇ. ಎರಡೇ ಕೋಣೆಯ ಮನೆ, ಮುಂದಿನ ಕೋಣೆ ಅವನಿಗೆ. ಭಾವ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡರು. ಅವನು ಓದುತ್ತಿದ್ದಾಗ ಸದ್ದಾಗಬಾರದು ಎಂದು ಹಿಮ್ಮಡಿ ಎತ್ತಿ ನಡೆಯುತ್ತಿದ್ದರು, ಹಾಗೆ ನಡೆದು ನಡೆದು ಸ್ಟೂಲಿಗೆ ಎಡವುತ್ತಿದ್ದರು. ಉಪಕಾರ ಮಾಡುವವರಿಗೆ ಕನಿಷ್ಠ ಸದ್ದಿಲ್ಲದೆ ಮಾಡುವ ಬುದ್ಧಿಯಾದರೂ ಇರಬೇಡವೆ? ಕೆಲಸದ ಸಂದರ್ಶನದ ದಿನ ಗೇಟಿನಲ್ಲಿ ನಿರ್ದೇಶಕರ ಕಾರನ್ನೇ ನಿಲ್ಲಿಸಿ, "ಸರ್, ಇವನು ನನ್ನ ಹೆಂಡ್ತಿ ತಮ್ಮ, ತುಂಬಾ ಬುದ್ಧಿವಂತ" ಎಂದಿದ್ದರು. ನಿರ್ದೇಶಕರು ಗಾಜು ಇಳಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದರು. ಕೆಲಸ ಸಿಕ್ಕಿತು, ಸಿಕ್ಕಿದ್ದು ತನ್ನ ಬುದ್ಧಿಯಿಂದಲೋ ಆ ಗೇಟಿನ ಮಾತಿನಿಂದಲೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಬೆಳಿಗ್ಗೆ ಅಕ್ಕ ಫೋನು ಮಾಡಿದ್ದಳು. ಬೇಡಲಿಲ್ಲ, ಅಳಲಿಲ್ಲ. "ನೀನು ಏನಿದೆಯೋ ಅದನ್ನ ಹೇಳು, ಅಷ್ಟು ಸಾಕು" ಎಂದಳು. ಏನಿದೆಯೋ ಅದು. ಇರುವುದನ್ನು ಹೇಳುವುದು ಸುಲಭವೆಂದು ತಿಳಿದಿರುವವರು ಎಷ್ಟು ಸುಖಿಗಳು!

ಭಾವ ಸಂದೇಶ ಬರೆಯುವ ರೀತಿಯೇ ಒಂದು ಪ್ರಹಸನ. ಹೊಸ ಸಂದೇಶ ಎಂಬ ಗುಂಡಿಯನ್ನು ಅವರು ಜನ್ಮದಲ್ಲಿ ಒತ್ತಿದವರಲ್ಲ. ಪರದೆಯ ಮೇಲೆ ಯಾವ ಮಾತುಕತೆ ತೆರೆದಿದೆಯೋ ಅದಕ್ಕೇ ಉತ್ತರ ಒತ್ತಿ, ತಮ್ಮ ಮಾತನ್ನು ಅಲ್ಲೇ ಸೇರಿಸಿಬಿಡುತ್ತಿದ್ದರು. ಗ್ರಂಥಾಲಯದ ಪುಸ್ತಕದ ಚರ್ಚೆಯೊಳಗೆ ನಲ್ಲಿ ಸೋರುವ ಸುದ್ದಿ. ಒಂದು ಸಲ ಅವನು ತಾಳ್ಮೆ ತಂದುಕೊಂಡು ಪಕ್ಕದಲ್ಲಿ ಕೂತು ಹೇಳಿಕೊಡಲು ಹೋದ. "ಹೊಸದಾಗಿ ಶುರು ಮಾಡಿ ಭಾವ. ಇಲ್ಲಾಂದ್ರೆ ವಿಷಯದ ಸಾಲನ್ನಾದ್ರೂ ಅಳಿಸಿ ನಿಮ್ಮದನ್ನ ಬರೀರಿ." ಭಾವ ಕನ್ನಡಕ ಹಣೆಗೇರಿಸಿ ಅವನನ್ನೇ ನೋಡಿದರು. "ಅದು ಬೇರೆಯವರು ಬರ್ದಿರೋದಲ್ವೇನೋ? ಅವರು ಬರೆದಿದ್ದನ್ನ ನಾನು ಅಳಿಸೋದು ಹೇಗೆ? ತಪ್ಪಾಗುತ್ತೆ." ಆಮೇಲೆ, ಅವನಿಗೇ ಬುದ್ಧಿ ಹೇಳುವ ಹಾಗೆ, "ಮತ್ತೆ, ಜನ ಎಲ್ಲಿ ಸೇರಿದಾರೋ ಅಲ್ಲಿ ಹೋಗಿ ಹೇಳ್ಬೇಕಪ್ಪ. ಒಬ್ಬನೇ ಹೋಗಿ ಬಯಲಲ್ಲಿ ನಿಂತು ಕೂಗಿದ್ರೆ ಯಾರು ಕೇಳ್ತಾರೆ?" ಎಂದರು. ಅವನು ಎದ್ದು ಬಂದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಸುಸ್ತು.

ಜನ ಸೇರಿದ್ದು ಎಲ್ಲಿ? ಕ್ಯಾಂಟೀನಿನ ಚಹಾದ ಬಳಿ. ಚಹಾ ನೀರಾಗಿದೆ ಎಂದು ಯಾರೋ ಒಬ್ಬರು ಬರೆದದ್ದೇ ತಡ, ಸಂಸ್ಥೆಗೆ ಸಂಸ್ಥೆಯೇ ಎದ್ದು ನಿಂತಿತು. ತಮ್ಮ ಸಂಶೋಧನೆಯ ಬಗ್ಗೆ ವರ್ಷಕ್ಕೊಂದು ಸಾಲು ಬರೆಯದವರು ಹಾಲಿನ ಪ್ರಮಾಣದ ಬಗ್ಗೆ ಪ್ರಬಂಧ ಬರೆದರು. ಸಕ್ಕರೆ ಪಕ್ಷ, ಸಕ್ಕರೆ ವಿರೋಧಿ ಪಕ್ಷ. ಎಳೆ ಬೆಳೆದು ಬೆಳೆದು ಅವನ ಪರದೆಯ ಬಲ ಅಂಚಿಗೆ ಬಂದು ಮುಟ್ಟಿತು, ಉತ್ತರದ ಉತ್ತರದ ಉತ್ತರಗಳು ಗೋಡೆಗೆ ಒತ್ತಿಕೊಂಡು ನಿಂತವು. ಅವನು ಎರಡು ಸಲ ಎಚ್ಚರಿಕೆ ಕೊಟ್ಟ: ಚರ್ಚೆ ಸಕ್ಕರೆಗೆ ತಿರುಗಿದ್ದರೆ ದಯವಿಟ್ಟು ವಿಷಯದ ಸಾಲನ್ನೂ ತಿರುಗಿಸಿ. ಅದಕ್ಕೆ ಲೆಕ್ಕಾಧಿಕಾರಿ, ಆ ಬೊಜ್ಜಿನ ಮನುಷ್ಯ, ಬರೆದ: 'ಸಾಲು ಮೇಷ್ಟ್ರು ಬಂದರು, ಎಲ್ಲರೂ ಸಾಲಾಗಿ ನಿಲ್ಲಿ.' ಅದರ ಕೆಳಗೆ ನಗು. ಪ್ರಯೋಗಾಲಯದ ಗಾಜಿನ ಸಾಮಾನು ನೋಡಿಕೊಳ್ಳುವವಳ ನಗು, ಗ್ರಂಥಪಾಲಕನ ನಗು, ಅವನಿಗೆ ಎಂದೂ ಎದುರು ಮಾತಾಡದ ಹೊಸ ಗುಮಾಸ್ತನ ನಗು, ಒಂದರ ಕೆಳಗೊಂದು, ಅವನೇ ಕಟ್ಟಿದ ಮೆಟ್ಟಿಲುಗಳ ಮೇಲೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ಭಾವ. 'ಹ್ಹ ಹ್ಹ. ಇವನು ಚಿಕ್ಕಂದಿನಿಂದಲೂ ಹೀಗೇ.' ಕಿವಿ ಬಿಸಿಯಾದದ್ದು ಅವನಿಗೆ ನೆನಪಿದೆ. ಬೈದಿದ್ದರೆ ಸಹಿಸಬಹುದಿತ್ತು, ಪ್ರೀತಿಯಿಂದ ನಕ್ಕಿದ್ದರು.

ಸಾಫ್ಟ್‌ವೇರಿನಲ್ಲಿ ಒಂದು ಸೌಕರ್ಯವಿತ್ತು. ಯಾವುದಾದರೂ ಎಳೆ ಬೇಡವೆನಿಸಿದರೆ ಒಂದು ಗುಂಡಿ ಒತ್ತಿದರೆ ಸಾಕು, ಅದನ್ನು ಕಡೆಗಣಿಸುತ್ತದೆ. ಆಮೇಲೆ ಆ ಎಳೆಗೆ ಏನೇ ಬಂದು ಸೇರಿದರೂ ಹುಟ್ಟಿದ ಕ್ಷಣವೇ ಓದಿದ್ದಾಯಿತು ಎಂದು ಗುರುತು ಮಾಡಿ ಮರೆಗೆ ತಳ್ಳುತ್ತದೆ. ಅವರವರ ಗುಂಡಿ ಅವರವರಿಗೆ. ಆದರೆ ಹೊರಗಿನಿಂದ ನುಗ್ಗುವ ಜಾಹೀರಾತುಗಳನ್ನು ಎಲ್ಲರ ಪರದೆಯಿಂದಲೂ ದೂರವಿಡಲು ಅವನ ಬಳಿ ಮಾತ್ರ ಇನ್ನೊಂದು ಗುಂಡಿ ಇತ್ತು. ಆ ದಿನ, ಕಿವಿ ಆರುವ ಮೊದಲೇ, ಅವನು ಅದನ್ನು ಚಹಾದ ಮೇಲೆ ಒತ್ತಿದ. ಯಾರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರ ಪರದೆಯ ಮೇಲೂ ಚಹಾ ಇಲ್ಲ. ಒಬ್ಬರಾದರೂ ಕೇಳಬೇಕೆ? ಚರ್ಚೆ ತಾನಾಗಿ ಮುಗಿಯಿತು ಎಂದುಕೊಂಡು ಎಲ್ಲರೂ ಇನ್ನೇನೋ ಹಿಡಿದುಕೊಂಡರು. ಅಷ್ಟೊಂದು ಕಿರುಚಿದವರಿಗೆ ತಮ್ಮ ಗಂಟಲು ಕಟ್ಟಿದ್ದೂ ಗೊತ್ತಾಗಲಿಲ್ಲ. ಒಂದು ವಾರ ಅವನು ಒಳಗೊಳಗೇ ನಗುತ್ತ ತಿರುಗಾಡಿದ, ಕ್ಯಾಂಟೀನಿನಲ್ಲಿ ಲೆಕ್ಕಾಧಿಕಾರಿಯ ಎದುರು ಕೂತು ಅದೇ ನೀರು ಚಹಾ ಕುಡಿದ.

ಭಾವನಿಗೆ ಮಾತ್ರ ಚಹಾ ಮುಗಿದಿರಲಿಲ್ಲ. ಮುಚ್ಚಿದರೆ ಮತ್ತೆ ತೆರೆಯಲು ಬರುವುದಿಲ್ಲ ಎಂಬ ಹೆದರಿಕೆಯಿಂದ ಅವರು ತಮ್ಮ ಕಂಪ್ಯೂಟರಿನಲ್ಲಿ ಆ ಎಳೆ ತೆರೆದಿದ್ದ ಕಿಟಕಿಯನ್ನು ಮುಚ್ಚುತ್ತಲೇ ಇರಲಿಲ್ಲ; ದಿನಗಟ್ಟಲೆ ಅವರ ಪರದೆಯ ಮೇಲೆ ಹಳೆಯ ಜನ ಹಾಗೇ ಸೇರಿದ್ದರು. ಗಂಟೆ ಕೆಟ್ಟದ್ದನ್ನೂ ಅಲ್ಲಿಗೇ ಹೋಗಿ ಹೇಳಿದರು. ರಜೆಯ ದಿನ ಕರೆಂಟು ಹೋದಾಗ ಆ ಕಿಟಕಿಯೂ ಹೋಯಿತು, ಆಮೇಲೆ ತಾವು ಬರೆದದ್ದನ್ನು ತಾವೇ ಕಾಣಲಾರದೆ ಹೋದರು. ಬೇರೆಯವರು ಹುಡುಕಿದರೂ ಸಿಗುವಂತಿರಲಿಲ್ಲ. ಹುಡುಕುವ ವ್ಯವಸ್ಥೆ ವಿಷಯದ ಸಾಲನ್ನು ಮಾತ್ರ ನೋಡುತ್ತಿತ್ತು. ಒಳಗಿನ ಮಾತುಗಳನ್ನೂ ಹುಡುಕುವಂತಿದ್ದರೆ ಚೆನ್ನ ಎಂದು ಬೀಜದ ಮೇಡಂ ಹಿಂದೊಮ್ಮೆ ಕೇಳಿದ್ದಾಗ, ಹಾಗೆ ಮಾಡಿದರೆ ಯಾರೂ ಸರಿಯಾದ ಸಾಲು ಬರೆಯುವುದಿಲ್ಲ, ಸೋಮಾರಿಗಳಾಗುತ್ತಾರೆ ಎಂದು ಅವನೇ ಬೇಡವೆಂದಿದ್ದ. ನಿನ್ನೆ ಮಧ್ಯಾಹ್ನ ಅವನು ತನ್ನೊಬ್ಬನಿಗೇ ತೆರೆಯುವ ಬಾಗಿಲಿನಿಂದ ಒಳಹೊಕ್ಕು ನೋಡಿದ. ಚಹಾದ ಎಳೆಯ ತೀರಾ ತುದಿಯಲ್ಲಿ, ಹ್ಹ ಹ್ಹ ಎಂಬುದರ ಕೆಳಗೆ, 'ಮರು: ಕ್ಯಾಂಟೀನಿನ ಚಹಾ' ಎಂಬ ಸಾಲನ್ನೇ ಹೊತ್ತುಕೊಂಡು ಕೂತಿತ್ತು: 'ಎಲ್ಲರಿಗೂ ನಮಸ್ಕಾರ. ನಿಮ್ಮ ಮಾತಿನ ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ಶೀತಕೋಣೆಯ ಗಂಟೆ ಹೊಡೆಯುತ್ತಿಲ್ಲ. ನಾನು ತಟ್ಟಿ ನೋಡಿದೆ, ಆದರೂ ಇಲ್ಲ. ತಿಳಿದವರು ಬೇಗ ಬಂದು ನೋಡಬೇಕು. ಬೀಜಗಳು ಮೇಡಂ ಅವರವು, ಕಷ್ಟಪಟ್ಟು ತಂದದ್ದು. ಚಹಾ ಈಗ ಪರವಾಗಿಲ್ಲ.'

ಮೊದಲು ಬಂದದ್ದು ಸಿಟ್ಟು. ಚಹಾ ಈಗ ಪರವಾಗಿಲ್ಲವಂತೆ! ಇಡೀ ಸಂಸ್ಥೆಯಲ್ಲಿ ಇಂಥ ತಪ್ಪು ಮಾಡಬಲ್ಲವರು ಇವರೊಬ್ಬರೇ. ಒಂದು ಸಾಲು, ಒಂದೇ ಒಂದು ಸಾಲು ಅಳಿಸಿ ಬರೆದಿದ್ದರೆ? ಅಳಿಸಿ ಬರೆದಿದ್ದರೂ ಸಾಫ್ಟ್‌ವೇರು ಹೆಸರು ನೋಡುವುದಿಲ್ಲ, ಹೆತ್ತವರನ್ನು ನೋಡುತ್ತದೆ, ಚಹಾದ ಜೊತೆಗೇ ಮರೆಗೆ ತಳ್ಳುತ್ತಿತ್ತು ಎಂದು ಮರುಕ್ಷಣವೇ ಹೊಳೆದು, ಆ ಹೊಳೆದದ್ದನ್ನು ಅವನು ಪಕ್ಕಕ್ಕೆ ಸರಿಸಿದ. ಆಮೇಲೆ ಬಂದದ್ದು ಹೆದರಿಕೆ. ಸಂದೇಶ ಇದೆ ಎಂದು ತೋರಿಸಿದರೆ ಮುಂದಿನ ಪ್ರಶ್ನೆ, ಹಾಗಾದರೆ ನಮಗ್ಯಾಕೆ ಕಾಣಲಿಲ್ಲ? ಯಾರು ಮುಚ್ಚಿದರು, ಯಾಕೆ ಮುಚ್ಚಿದರು? ನಾಲ್ಕು ಜನ ನಕ್ಕರೆಂದು ಮುಚ್ಚಿದೆ ಎನ್ನಬೇಕೆ, ಬೊಜ್ಜಿನ ಲೆಕ್ಕಾಧಿಕಾರಿಯ ಮುಖ ನೋಡಿಕೊಂಡು? ಗುಂಡಿ ಒತ್ತಿದ ಗುರುತು ಅವನ ಹೆಸರಿನಲ್ಲೇ ಇತ್ತು. ಅಳಿಸಬಹುದಿತ್ತು. ಅಳಿಸಲಿಲ್ಲ. ಅಳಿಸದೆ ಬಿಟ್ಟೆನಲ್ಲ ಎಂದು ಸ್ವಲ್ಪ ಹೆಮ್ಮೆಯನ್ನೂ ಪಟ್ಟ. ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಎಷ್ಟೇ ಆಗಲಿ ನಾನು ಪ್ರಾಮಾಣಿಕ ಎಂದುಕೊಂಡ. ಕಳ್ಳತನ ಮಾಡಿಯೂ ಬೀಗ ಒಡೆಯಲಿಲ್ಲವೆಂದು ಬೀಗುವವರೂ ಇರುತ್ತಾರೆ. ಬೆಳಿಗ್ಗೆ ಎದ್ದಾಗ ಎಲ್ಲ ಹೇಳಿಬಿಡುವುದೆಂದು ನಿಶ್ಚಯಿಸಿದ್ದ. ವಾಕ್ಯವನ್ನೂ ಕಟ್ಟಿಕೊಂಡಿದ್ದ. 'ಸಂದೇಶ ಇದೆ, ಆದರೆ ಬರೆದವರು ನಿಯಮ ಪಾಲಿಸದೆ ಇರುವುದರಿಂದ...' ಆ 'ಇರುವುದರಿಂದ' ಎಂಬುದರ ಮುಂದಕ್ಕೆ ವಾಕ್ಯ ಹೋಗುತ್ತಿರಲಿಲ್ಲ.

"ಇಬ್ಬರೂ ಬರಬೇಕಂತೆ" ಎಂದ ಜವಾನ.

ಒಳಗೆ ಉದ್ದನೆಯ ಮೇಜು, ಮೇಜಿನ ಆಚೆ ಮೂವರು. ನಡುವೆ ನಿರ್ದೇಶಕರು, ಯಾವ ತೀರ್ಮಾನವನ್ನೂ ತಾವೇ ತೆಗೆದುಕೊಂಡದ್ದಲ್ಲ ಎಂದು ತೋರಿಸಲು ಸದಾ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿರುವ ಮನುಷ್ಯ. ಅವರ ಬಲಕ್ಕೆ ಲೆಕ್ಕಾಧಿಕಾರಿ. ಎಡಕ್ಕೆ ಬೀಜದ ಮೇಡಂ, ಅತ್ತು ಒಣಗಿದ ಕಣ್ಣು. ಅವರೊಬ್ಬರನ್ನು ಮಾತ್ರ ಅವನಿಗೆ ಹೀಗಳೆಯಲಾಗಲಿಲ್ಲ, ಆದ್ದರಿಂದ ನೋಡಲೂ ಇಲ್ಲ. ಈಚೆ ಕಡೆ ಎರಡು ಕುರ್ಚಿ ಇದ್ದವು. ಭಾವ ಅವನ ಕುರ್ಚಿಯನ್ನು ಎಳೆದುಕೊಟ್ಟು ತಾವು ಕೂತರು. ಬರೆದದ್ದು ನಿಜವೇ ಎಂದು ನಿರ್ದೇಶಕರು ಕೇಳಿದರು. "ಬರ್ದಿದೀನಿ ಸರ್" ಎಂದರು ಭಾವ. "ಬೆಳಿಗ್ಗೆ ಬಂದವನೇ ಗಂಟೆ ಒತ್ತಿ ನೋಡಿದೆ, ಸದ್ದಿಲ್ಲ. ಕೂಡಲೇ ಹೋಗಿ ಗುಂಪಲ್ಲಿ ಹಾಕಿದೆ. ಯಾರಾದ್ರೂ ಬರ್ತಾರೆ ಅಂತ ಕಾದೆ. ಎಲ್ಲರಿಗೂ ಅವರವರ ಕೆಲಸ ಇರುತ್ತೆ, ಮತ್ತೆ ಮತ್ತೆ ಕೇಳೋದು ಚೆನ್ನಾಗಿರಲ್ಲ ಅಂತ ಸುಮ್ಮನಾದೆ." ಚೆನ್ನಾಗಿರಲ್ಲವಂತೆ. ಮೇಡಂ ಮೇಜಿನ ಮೇಲೆ ಕೈಯೂರಿ ಮುಂದಕ್ಕೆ ಬಾಗಿದರು.

ಲೆಕ್ಕಾಧಿಕಾರಿ ಕಾಗದ ತೆಗೆದು ಕನ್ನಡಕ ಸರಿಮಾಡಿಕೊಂಡು ಅವನ ಕಡೆ ತಿರುಗಿ ಓದಿದ. "ನಿಮ್ಮನ್ನ ಕೇಳ್ತಿರೋದು ಇಷ್ಟೇ. ಶೀತಕೋಣೆ, ಗಂಟೆ, ಯಂತ್ರ, ಇದರಲ್ಲಿ ಯಾವುದೇ ಪದ ವಿಷಯದ ಸಾಲಲ್ಲಿ ಇರೋ ಸಂದೇಶ, ಇವರ ಹೆಸರಲ್ಲಿ, ನಮ್ಮ ಗುಂಪಲ್ಲಿ ಇದೆಯೋ ಇಲ್ಲವೋ?"

ಅವನು ಆ ಪ್ರಶ್ನೆಯನ್ನು ನೋಡಿದ. ಕಂಡು ಕೇಳರಿಯದ ಅದೃಷ್ಟದ ಹಾಗೆ ಅದು ಅವನ ಮುಂದೆ ಬಂದು ನಿಂತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಯಾರೋ ಅವನಿಗೆಂದೇ ಅಳತೆ ತೆಗೆದು ಹೊಲಿದ ಪ್ರಶ್ನೆ. ಇದಕ್ಕೆ ಇರುವುದು ಒಂದೇ ಸರಿಯುತ್ತರ. ಅದು ಸತ್ಯ ಕೂಡ. ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳಬಹುದಾದ ಸತ್ಯ.

"ಇಲ್ಲ" ಎಂದ.

ತನ್ನ ಧ್ವನಿ ಎಷ್ಟು ನಿಚ್ಚಳವಾಗಿತ್ತು ಎಂದು ಅವನಿಗೇ ಆಶ್ಚರ್ಯವಾಯಿತು. ಬೀಜದ ಮೇಡಂ ಅವನ ಕಡೆಗೇ ತಿರುಗಿದರು. "ವಿಷಯದ ಸಾಲು ಹಾಗಿರಲಿ. ಒಳಗೆ ಎಲ್ಲಾದರೂ..." ಎಂದು ಶುರು ಮಾಡಿದರು. ಕೇಳಲಿ, ಕೇಳಿಬಿಡಲಿ, ಕೇಳಿದರೆ ಹೇಳುತ್ತೇನೆ ಎಂದು ಒಳಗಿನಿಂದ ಏನೋ ಎದ್ದು ಬಂತು, ನಿಜವಾಗಿಯೂ ಬಂತು. ಅಷ್ಟರಲ್ಲಿ ಲೆಕ್ಕಾಧಿಕಾರಿ ಕೈಯೆತ್ತಿದ. "ಮೇಡಂ, ವಿಷಯದ ಸಾಲಲ್ಲಿ ಇಲ್ಲ ಅಂದ್ರೆ ಇಲ್ಲ ಅಂತಲೇ ಲೆಕ್ಕ. ಇವರೇ ತಾನೆ ನಮಗೆಲ್ಲ ಹೇಳಿಕೊಟ್ಟಿದ್ದು? ನಾನು ಅವತ್ತು ಇವರನ್ನ ಗೇಲಿ ಮಾಡಿದ್ದೆ. ಈಗ ನೋಡಿ, ಇವರು ಹೇಳಿದ್ದೇ ಸರಿಯಾಯ್ತು." ಹೇಳಿ ಅವನನ್ನು ನೋಡಿ, ಸೋತವನು ಗೆದ್ದವನಿಗೆ ಬಾಗುವ ಹಾಗೆ ತಲೆ ಬಾಗಿಸಿದ. ಎಷ್ಟು ದಿನದಿಂದ ಆ ಬಾಗಿದ ತಲೆಗಾಗಿ ಅವನು ಕಾದಿದ್ದ! ಸಿಕ್ಕಿದ್ದು ಹೀಗೆ, ಇಲ್ಲಿ. ಅವನಿಗೆ ನಾಚಿಕೆಯಾಯಿತು, ಆದರೂ ಎಲ್ಲೋ ಒಂದು ಮೂಲೆಯಲ್ಲಿ ಸಂತೋಷವೂ ಆಯಿತು, ಅದು ಆದದ್ದು ಅವನಿಗೆ ಗೊತ್ತಾಯಿತು. ಮೇಡಂ ಕೇಳಬೇಕೆಂದಿದ್ದನ್ನು ಕೇಳದೆ ಹಿಂದಕ್ಕೆ ಒರಗಿದರು.

"ಬೇರೆ ಏನಾದರೂ ಹೇಳೋದಿದೆಯಾ?" ಎಂದರು ನಿರ್ದೇಶಕರು. ಇದು ಪ್ರಶ್ನೆಯೇ ಅಲ್ಲ, ಸಭೆ ಮುಗಿಸುವ ರೂಢಿ. ಆದರೂ ಬಾಗಿಲು ಇನ್ನೊಮ್ಮೆ ತೆರೆದಿತ್ತು. ಅವನು ಬಾಯಿ ತೆರೆದ. ಬಂದದ್ದು ಇದು: "ನೌಕರರಿಗೆ ಸಂದೇಶ ಬರೆಯೋದರ ಬಗ್ಗೆ ಇನ್ನೊಂದು ತರಬೇತಿ ಇಟ್ಟರೆ ಒಳ್ಳೇದು ಸರ್." ನಿರ್ದೇಶಕರು ಒಳ್ಳೆಯ ಸಲಹೆ ಎಂದು ಬರೆದುಕೊಂಡರು.

ಆಗ ಭಾವ ಎದ್ದು ನಿಂತರು. ತಮ್ಮ ಪರವಾಗಿ ಏನೋ ಹೇಳುತ್ತಾರೆ, ಜಗಳವಾಡುತ್ತಾರೆ, ತನ್ನ ಮೇಲೆ ಬೆರಳು ತೋರಿಸುತ್ತಾರೆ ಎಂದು ಅವನು ಕಾದ. ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತು. "ಇವನು ಇಲ್ಲ ಅಂದ್ರೆ ಇಲ್ಲ ಸರ್" ಎಂದರು ಭಾವ. "ಇವನ ಕಣ್ಣು ತಪ್ಪಿಸಿ ಅಲ್ಲಿ ಒಂದು ಅಕ್ಷರ ಇರೋಕೆ ಸಾಧ್ಯ ಇಲ್ಲ. ನಾನೇ ಬರೀಬೇಕು ಬರೀಬೇಕು ಅಂದ್ಕೊಂಡು, ಬರೆದೆ ಅಂತಲೇ ತಿಳ್ಕೊಂಡೆನೋ ಏನೋ. ವಯಸ್ಸಾಯ್ತಲ್ಲ. ಮೇಡಂ, ನಿಮ್ಮ ಬೀಜ..." ಎಂದು ಮೇಡಂ ಕಡೆ ತಿರುಗಿ ಕೈ ಮುಗಿದರು. ನಿರ್ದೇಶಕರು ಪೆನ್ನಿನ ಮುಚ್ಚಳ ಹಾಕಿ, ತಿಂಗಳ ಕೊನೆಗೆ ಕೆಲಸ ಬಿಡಬೇಕಾಗುತ್ತದೆ, ಮನೆ ಖಾಲಿ ಮಾಡಲು ಸ್ವಲ್ಪ ಸಮಯ ಕೊಡೋಣ, ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದರು.

ಹೊರಗೆ ಬಂದಾಗ ಓಣಿಯಲ್ಲಿ ಬಿಸಿಲು ಬಿದ್ದಿತ್ತು. ಭಾವ ಬೆಂಚಿನ ಮೇಲೆ ಕೂತು ಕೊರಳಿನ ಗುಂಡಿ ಬಿಚ್ಚಿದರು. ಅವನು ನಿಂತೇ ಇದ್ದ. ಈಗ ಹೇಳಬಹುದು, ಈಗಲೂ ತಡವಾಗಿಲ್ಲ, ಬಾಗಿಲು ತಳ್ಳಿ ಒಳಗೆ ಹೋಗಿ ಎರಡು ಮಾತು ಹೇಳಿದರೆ ಮುಗಿಯಿತು ಎಂದು ಅವನು ಲೆಕ್ಕ ಹಾಕುತ್ತಿದ್ದ. ಲೆಕ್ಕ ಹಾಕುತ್ತಲೇ, ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎಂಬುದನ್ನು ಎರಡನೆಯ ಸಲ, ಮೂರನೆಯ ಸಲ ತನಗೇ ಹೇಳಿಕೊಳ್ಳುತ್ತಿದ್ದ. ಸುಳ್ಳಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಕೇಳದ್ದನ್ನು ಹೇಳಬೇಕೆಂದು ಯಾವ ನಿಯಮದಲ್ಲಿದೆ? "ಬೇಜಾರು ಮಾಡ್ಕೋಬೇಡ ಕಣೋ" ಎಂದರು ಭಾವ. "ಅವರ ಮುಂದೆ ನೀನು ನಿಜ ಹೇಳೋವಾಗ ನಿನ್ನ ಮುಖ ನೋಡ್ದೆ. ನನಗಿಂತ ನಿನಗೇ ಜಾಸ್ತಿ ನೋವಾಗಿದೆ." ಅವನಿಗೆ ಆ ಮನುಷ್ಯನನ್ನು ಹಿಡಿದು ಅಲುಗಾಡಿಸಿಬಿಡಬೇಕು ಎನಿಸಿತು. ಇಷ್ಟು ದಡ್ಡರಾಗಿರಲು ಇವರಿಗೆ ಯಾರು ಅಧಿಕಾರ ಕೊಟ್ಟರು? ಇಷ್ಟು ನಂಬಲು?

ಭಾವ ಜವಾನನನ್ನು ಕೇಳಿ ಅವನ ಮೇಜಿನ ಮೇಲಿದ್ದ ಫೋನು ತೆಗೆದುಕೊಂಡು ಮನೆಗೆ ಮಾಡಿದರು. "ಹ್ಞೂಂ, ಮುಗೀತು. ಹಾಗೇ ಆಯ್ತು. ಅಳಬೇಡ ಈಗ. ಪಾಪ, ನಿನ್ನ ತಮ್ಮ ಎಲ್ಲಾ ಕಡೆ ಹುಡುಕಿದ, ಇದ್ರೆ ತಾನೆ ಸಿಗೋದು? ಇಲ್ಲೇ ಇದಾನೆ, ಮಾತಾಡು" ಎಂದು ಫೋನನ್ನು ಅವನ ಕೈಗೆ ಕೊಟ್ಟು, ಅವನು ಧಾರಾಳವಾಗಿ ಮಾತಾಡಲಿ ಎಂದು ನಾಲ್ಕು ಹೆಜ್ಜೆ ದೂರ ಹೋಗಿ ಕಿಟಕಿಯ ಹತ್ತಿರ ನಿಂತರು.

"ಹುಡುಕಿದ್ಯಾ?" ಎಂದಳು ಅಕ್ಕ. ಹುಡುಕಿದೆ ಎಂದ. ಅವಳ ಮೂಗು ಕಟ್ಟಿತ್ತು, ಆದರೆ ಅಳುತ್ತಿರಲಿಲ್ಲ. "ನೋಡು, ಕೆಲಸ ಹೋದ್ರೆ ಹೋಗ್ಲಿ, ಮನೆ ಹೋದ್ರೆ ಎಲ್ಲಾದ್ರೂ ಒಂದು ಕೋಣೆ ಹಿಡಿಯೋಣ. ನನಗೆ ಬೇರೇನೇ ಹೆದರಿಕೆ. ಅವತ್ತು ಸಾಯಂಕಾಲ ಬಂದವರೇ, ಗಂಟೆ ಕೆಟ್ಟಿದೆ, ಗುಂಪಲ್ಲಿ ಬರ್ದೆ ಅಂತ ನನ್ನ ಹತ್ರ ಹೇಳಿದ್ರು. ಬರೆದೇ ಇಲ್ಲ ಅಂದ್ರೆ, ಮಾಡದೇ ಇದ್ದದ್ದನ್ನ ಮಾಡಿದೆ ಅಂತ ಹೇಳ್ತಿದಾರೆ ಅಂದ್ರೆ... ಅವರಪ್ಪನಿಗೂ ಕೊನೆಗೆ ಹಾಗೇ ಆಗಿತ್ತು, ಮರೆವು. ಅವರು ಹತ್ರ ಇದಾರಾ? ಕೇಳಿಸುತ್ತಾ ಅವರಿಗೆ?"

"ಇಲ್ಲ, ದೂರ ಇದಾರೆ."

"ಹಾಗಾದ್ರೆ ನಿಜ ಹೇಳು. ಅವರು ಬರೆದಿದ್ರಾ, ಇಲ್ವಾ?"

ಅವನು ಪ್ರಶ್ನೆಯ ಸುತ್ತ ಒಂದು ಸಲ ಸುತ್ತಿ ನೋಡಿದ, ತೂರಿಕೊಂಡು ಹೋಗಲು ಒಂದು ಸಂದು ಸಿಗುತ್ತದೆಯೋ ಎಂದು. ಇದರಲ್ಲಿ ವಿಷಯದ ಸಾಲು ಇರಲಿಲ್ಲ, ಪದಗಳ ಪಟ್ಟಿ ಇರಲಿಲ್ಲ. ಇದ್ದದ್ದು ಅಕ್ಕ, ಮತ್ತು ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತು ಹೊರಗೆ ಯಾರಿಗೋ ಕೈ ಬೀಸುತ್ತಿದ್ದ ಭಾವ. ಒಳಗೆ ಸಭೆಯ ಕೋಣೆಯಲ್ಲಿ ಕುರ್ಚಿಗಳು ಸರಿದವು, ಲೆಕ್ಕಾಧಿಕಾರಿ ಏನೋ ಹೇಳಿ ನಗುತ್ತ ಬಾಗಿಲಿನ ಕಡೆ ಬರುತ್ತಿದ್ದ.

"ಬರೆದಿರಲಿಲ್ಲ ಅಕ್ಕ" ಎಂದ.

ಅಕ್ಕ, ಗಂಡನಿಗೆ ಕೇಳಿಸೀತೇನೋ ಎಂಬಂತೆ ಧ್ವನಿ ತಗ್ಗಿಸಿ, "ನಾಳೆ ಡಾಕ್ಟರಿಗೆ ತೋರಿಸಿಬಿಡೋಣ. ನಾನು ಹೇಳಿದ್ರೆ ಅವರು ಬರಲ್ಲ. ನೀನು ಹೇಳಿದ್ರೆ ಬರ್ತಾರೆ, ನಿನ್ನ ಮಾತು ಅವರು ತೆಗೆದು ಹಾಕಲ್ಲ. ನೀನೇ ಕರ್ಕೊಂಡು ಹೋಗ್ತೀಯಲ್ಲ?" ಎಂದಳು.

"ಕರ್ಕೊಂಡು ಹೋಗ್ತೀನಿ" ಎಂದ.